ಮೆಟ್ಟಿಲು ಬಾವಿಯಲ್ಲಿ ಇಟ್ಟ ಕಾಲು

ಆ ಗೋಲನ್ನು ನಾನು ಬಲಗಾಲಿನಲ್ಲಿ ಹೊಡೆದೆ ಎಂದೇ ಬಹಳ ವರ್ಷ ಹೇಳಿಕೊಂಡು ಬಂದೆ. ಆಟ ನಿಲ್ಲಿಸಿದ ಮೇಲೂ, ಯಾವುದಾದರೂ ಮದುವೆಮನೆಯಲ್ಲಿ ಹಳೆಯ ಪರಿಚಯದವರು ಸಿಕ್ಕಿ ‘ಸೋಲ್ಜರ್‌ಗಳ ಮೇಲೆ ಹೊಡೆದ ಗೋಲು ಹೇಳಿ’ ಎಂದು ಕೇಳಿದರೆ, ಎದ್ದು ನಿಂತು ಬಲಗಾಲನ್ನು ಬೀಸಿಯೇ ತೋರಿಸುತ್ತಿದ್ದೆ. ಈಗ ಯೋಚಿಸಿದರೆ ಅದು ಸಾಧ್ಯವೇ ಇರಲಿಲ್ಲ. ಆ ದಿನ ನನ್ನ ಬಲಗಾಲಿನಲ್ಲಿ, ಪಾದದ ಕೀಲಾದ ಹರಡಿನ ಮೇಲ್ಭಾಗದಲ್ಲಿ, ಚರ್ಮದ ಒಳಗೆ ಎರಡು ಗೇಣಿನಷ್ಟು ಉದ್ದದ ಜೀವಂತ ಹುಳು ಇತ್ತು. ಅದರದೇ ಇನ್ನೊಂದು ಗೇಣು ಹೊರಗೆ ಬಂದು ಒಂದು ಕಡ್ಡಿಗೆ ಸುತ್ತಿಕೊಂಡಿತ್ತು. ಅಂಥ ಕಾಲಿನಿಂದ ಯಾರೂ ಚೆಂಡನ್ನು ಒದೆಯುವುದಿಲ್ಲ.

ಗೋಲಿನ ವಿಷಯದಲ್ಲಿ ನೆನಪು ಸುಳ್ಳು ಹೇಳಿದರೆ ಯಾರಿಗೂ ನಷ್ಟವಿಲ್ಲ. ಆದರೆ ಅದೇ ವಾರದ ಇನ್ನೊಂದು ಸಂಗತಿ ಇದೆ. ಉರಿ ತಡೆಯಲಾರದೆ ನಾನು ಊರ ಹೊರಗಿನ ಮೆಟ್ಟಿಲು ಬಾವಿಯ ನೀರಿಗೆ ಆ ಕಾಲನ್ನು ಇಳಿಬಿಟ್ಟೆನೇ, ಇಲ್ಲವೇ? ಬಿಟ್ಟಿದ್ದರೆ, ಮುಂದಿನ ವರ್ಷ ನನ್ನ ಗೆಳೆಯನ ಕಾಲಿಗೆ ಆದದ್ದೆಲ್ಲ ನನ್ನಿಂದಲೇ ಆದದ್ದು. ಇದನ್ನು ಒಬ್ಬ ವಿಜ್ಞಾನದ ವಿದ್ಯಾರ್ಥಿ ಹೇಗೆ ವಿಚಾರಿಸಬೇಕೋ ಹಾಗೆ ವಿಚಾರಿಸಲು ಪ್ರಯತ್ನಪಟ್ಟಿದ್ದೇನೆ. ಫಲ ಸಿಕ್ಕಿಲ್ಲ. ಭಯ ಮಾತ್ರ ಹಾಗೇ ಇದೆ.

ಯುದ್ಧ ನಡೆಯುತ್ತಿದ್ದ ವರ್ಷಗಳು. ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಬೀದಿ. ಅಪ್ಪ ಕುಣಿಮಗ್ಗದಲ್ಲಿ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು, ಸೀರೆ ನೇಯುತ್ತಿದ್ದರು. ಅವರ ಅಕ್ಕ, ಅಂದರೆ ನಮ್ಮ ಅತ್ತೆ, ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದು ಕಂಡಿಕೆ ಸುತ್ತುತ್ತಿದ್ದರು. ಲಾಳಿಯೊಳಗೆ ಕೂರುವ ಬೆರಳುದ್ದದ ಕೊಳವೆಗೆ ರೇಷ್ಮೆ ನೂಲನ್ನು ಸುತ್ತುವ ಕೆಲಸ ಅದು. ಎಳೆ ಸಡಿಲವಾದರೆ ಸೀರೆ ಕೆಡುತ್ತದೆ, ಬಿಗಿಯಾದರೆ ಎಳೆಯೇ ಹರಿಯುತ್ತದೆ. ಅತ್ತೆ ಸುತ್ತಿದ ಕಂಡಿಕೆಯಲ್ಲಿ ಗಂಟು ಇರುವುದಿಲ್ಲವೆಂದು ಬೀದಿಯಲ್ಲೆಲ್ಲ ಮಾತಿತ್ತು.

ಸಂಜೆ ಮಗ್ಗಗಳ ಸದ್ದು ನಿಂತ ಮೇಲೆ ನಾವು ಕೆರೆಯಂಗಳದಲ್ಲಿ ಫುಟ್‌ಬಾಲ್ ಆಡುತ್ತಿದ್ದೆವು. ಬರಿಗಾಲು, ಹರಡಿಗೆ ಒಂದು ಹಳೆಯ ಪಂಚೆಯ ತುಂಡು. ಸ್ಟ್ರೈಕರ್ ಎಂಬ ಮಾತನ್ನು ಆಗ ನಾವು ಕೇಳಿರಲಿಲ್ಲ. ನಾನು ಸೆಂಟರ್ ಫಾರ್ವರ್ಡ್, ಹಾಗಾಗಿ ಎಲ್ಲರ ಬಾಯಲ್ಲಿ ‘ಸೆಂಟರು’. ನಾಲ್ಕು ಮನೆಯಾಚೆಯ ನನ್ನ ಗೆಳೆಯ ಬಲ ಅಂಚಿನಲ್ಲಿ ಆಡುತ್ತಿದ್ದ. ಅವನು ‘ರೈಟ್ ಔಟ್’. ಅವನ ತಾಯಿಯೂ ಸಿಟ್ಟು ಬಂದಾಗ ಅವನನ್ನು ಹಾಗೇ ಕರೆಯುತ್ತಿದ್ದರು. ಅಂಚಿನಲ್ಲಿ ಓಡಿ ಅವನು ಒಳಗೆ ಹಾಕುವ ಚೆಂಡು ನನ್ನ ಕಾಲಿಗೇ ಬಂದು ಬೀಳುತ್ತಿತ್ತು. ನನ್ನ ಹೆಸರಿಗೆ ಬಿದ್ದ ಗೋಲುಗಳಲ್ಲಿ ಹೆಚ್ಚಿನವು ಅವನ ಓಟದಿಂದ ಹುಟ್ಟಿದವು. ಇದನ್ನು ವಿನಯಕ್ಕೆ ಹೇಳುತ್ತಿಲ್ಲ. ಅವನು ಆಟ ಬಿಟ್ಟ ವರ್ಷ ನನ್ನ ಆಟ ನೋಡಿದವರಿಗೆಲ್ಲ ಅದು ಗೊತ್ತು.

ಆಟ ಮುಗಿದ ಮೇಲೆ ದೊಡ್ಡಬೆಳವಂಗಲದ ದಾರಿಯಲ್ಲಿದ್ದ ಮೆಟ್ಟಿಲು ಬಾವಿಗೆ ಇಳಿದು ನೀರು ಕುಡಿಯುತ್ತಿದ್ದೆವು. ಬೀದಿಯ ರಾಟೆ ಬಾವಿಗಳು ಬೇಸಿಗೆಯಲ್ಲಿ ತಳ ಕಂಡರೆ ಹೆಂಗಸರೂ ಅಲ್ಲಿಗೆ ಬರುತ್ತಿದ್ದರು, ಗಾಡಿಯವರೂ ಬರುತ್ತಿದ್ದರು. ಎಲ್ಲರೂ ಮೆಟ್ಟಿಲಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತೇ ಬೊಗಸೆಯಲ್ಲಿ ಕುಡಿಯುವುದು.

ಆ ಬೇಸಿಗೆ ಒಂದು ಸುದ್ದಿ ಬಂತು. ಬೆಂಗಳೂರಿನ ಒಂದು ಕಾಲೇಜಿನ ಆಟದ ಮೇಷ್ಟ್ರು ಸೆಂಟರ್ ಫಾರ್ವರ್ಡ್ ಒಬ್ಬನನ್ನು ಹುಡುಕುತ್ತಿದ್ದಾರೆ, ಆಯ್ಕೆಯಾದವನಿಗೆ ಹಾಸ್ಟೆಲಿನಲ್ಲಿ ಊಟ, ವಸತಿ ಎಲ್ಲ ಬಿಟ್ಟಿ. ಹೈಸ್ಕೂಲು ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಕಾಲೇಜು ಸೇರಲು ಬೇರೆ ದಾರಿಯೇ ಇರಲಿಲ್ಲ. ಬೆಂಗಳೂರಿನ ಹೊರಗಿದ್ದ ಒಂದು ಮಿಲಿಟರಿ ಕ್ಯಾಂಪಿನ ತಂಡ ನಮ್ಮೂರಿಗೆ ಬಂದು ಆಡುವುದಿತ್ತು. ಮೇಷ್ಟ್ರು ಆ ಪಂದ್ಯ ನೋಡಲು ಬರುತ್ತೇನೆಂದು ಹೇಳಿಕಳಿಸಿದ್ದರು.

ಪಂದ್ಯಕ್ಕೆ ಹನ್ನೆರಡು ದಿನ ಇರುವಾಗ ನನ್ನ ಬಲಗಾಲಿನ ಹರಡಿನ ಮೇಲೆ ಒಂದು ಗುಳ್ಳೆ ಎದ್ದಿತು.

ಮೊದಲ ದಿನ ಹುಣಿಸೆ ಬೀಜದಷ್ಟಿತ್ತು. ಮೈಯೆಲ್ಲ ತುರಿಕೆ, ಸಣ್ಣ ಜ್ವರ. ಮೂರನೆಯ ದಿನಕ್ಕೆ ಅಡಿಕೆ ಗಾತ್ರವಾಗಿ, ಒಳಗೆ ಕೆಂಡ ಇಟ್ಟ ಹಾಗೆ ಉರಿಯತೊಡಗಿತು. ಯಾರಿಗೂ ಹೇಳಲಿಲ್ಲ. ಬಾಗಿಲ ಬಳಿ ಕಾಲು ತೊಳೆಯುವಾಗ ಗುಳ್ಳೆ ಒಡೆಯಿತು. ಒಡೆದ ಜಾಗದಲ್ಲಿ ಬಿಳಿಯ ಎಳೆಯೊಂದರ ತುದಿ ಕಂಡಿತು. ಅದು ಅಲುಗಾಡಿತು.

ನಾನು ಕೂಗಿರಬೇಕು. ಅತ್ತೆ ಬಂದು ನೋಡಿದರು.

“ಅಯ್ಯೋ ನಿನ್ನ, ನಾರುಹುಣ್ಣು ಕಣೋ ಇದು. ಯಾವ ಕೆಟ್ ನೀರು ತುಳ್ದ್ಯೋ?”

“ಕಿತ್ತಾಕು ಅತ್ತೆ ಅದ್ನ.”

“ಕೀಳ್ತಾರೇನೋ ಇದ್ನ? ಹರೀತು ಅಂದ್ರೆ ಕಾಲೇ ಹೋಯ್ತದೆ. ಅದಾಗ್ ಅದೇ ಬರ್ಬೇಕು. ದಿನಾ ಒಂದಿಷ್ಟು.”

“ಎಷ್ಟು ದಿನ?”

“ಅದಕ್ ಗೊತ್ತು.”

ಹರಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬೀದಿಯ ಕೊನೆಯಲ್ಲಿ ನೂಲಿಗೆ ಹುರಿ ಹಾಕುವ ಮುದುಕರೊಬ್ಬರಿದ್ದರು. ಅವರ ಮೊಣಕಾಲು ಮಡಚಿದ್ದು ಮಡಚಿದಂತೆಯೇ ಸೆಟೆದುಹೋಗಿತ್ತು. ತೊಡೆಯ ಮೇಲೆ ಕೈ ಊರಿ, ಪ್ರತಿ ಹೆಜ್ಜೆಗೂ ಕಾಲನ್ನು ಕೈಯಿಂದಲೇ ತಳ್ಳಿಕೊಂಡು ನಡೆಯುತ್ತಿದ್ದರು. ಅವರ ಹುಳು ಹರಿದದ್ದು ಅವರಿಗೆ ಇಪ್ಪತ್ತು ವರ್ಷವಾಗಿದ್ದಾಗಲಂತೆ. ಆ ವಾರ ಅವರು ಬೀದಿಯಲ್ಲಿ ಬಂದಾಗಲೆಲ್ಲ ನಾನು ಮುಖ ತಿರುಗಿಸಿ ಒಳಗೆ ಹೋಗುತ್ತಿದ್ದೆ.

ಅತ್ತೆ ಕಂಡಿಕೆಯ ಬೊಂಬಿನ ಕಡ್ಡಿಯೊಂದನ್ನು ಬೆಂಕಿಕಡ್ಡಿಯಷ್ಟು ಸೀಳಿ, ನುಣ್ಣಗೆ ಹೆರೆದು, ಹುಳುವಿನ ತುದಿಯನ್ನು ಅದಕ್ಕೆ ಸಿಕ್ಕಿಸಿದರು. ಪ್ರತಿ ಬೆಳಿಗ್ಗೆ ನೀರು ಚಿಮುಕಿಸಿ, ಕಡ್ಡಿಯನ್ನು ಮೆಲ್ಲಗೆ ತಿರುಗಿಸುವುದು. ಕೆಲವು ದಿನ ಅರ್ಧ ಸುತ್ತಿಗೇ ನಿಲ್ಲಿಸುತ್ತಿದ್ದರು. ಕೆಲವು ದಿನ ಎರಡು ಸುತ್ತು ಬರುತ್ತಿತ್ತು. ತಿರುಗಿಸುವಾಗ ಒಳಗೆ ಎಲ್ಲೋ ಮೀನಖಂಡದ ಹತ್ತಿರ ಏನೋ ಜಗ್ಗಿದಂತಾಗುತ್ತಿತ್ತು. ನನ್ನ ಕಾಲಿನೊಳಗೆ ನನ್ನದಲ್ಲದ ಜೀವವೊಂದು ಇದೆ, ಅದು ಹೊರಬರಲು ಒಪ್ಪುತ್ತಿಲ್ಲ, ಅದರ ಇಷ್ಟದ ಮೇಲೆ ನನ್ನ ಕಾಲು ಉಳಿಯಬೇಕು. ಹದಿನೆಂಟರ ವಯಸ್ಸಿನಲ್ಲಿ ನಾನು ಬೇರೆ ಯಾವುದಕ್ಕೂ ಅಷ್ಟು ಹೆದರಿರಲಿಲ್ಲ. ಮಲಗಿದರೆ ಮಗ್ಗುಲು ಬದಲಿಸಲು ಭಯ. ಹೊದಿಕೆಯ ದಾರ ಕಡ್ಡಿಗೆ ಸಿಕ್ಕಿಕೊಂಡೀತೆಂದು ಭಯ.

ರೈಟ್ ಔಟ್‌ಗೆ ಮಾತ್ರ ತೋರಿಸಿದೆ. ಬಟ್ಟೆ ಬಿಚ್ಚಿದಾಗ ಅವನ ಮುಖ ಬಿಳುಚಿಕೊಂಡಿತು. ಆದರೆ ಮಾತು ಎಂದಿನಂತೆಯೇ ಬಂತು.

“ಥೂ, ಶ್ಯಾವಿಗೆ ಇದ್ದಂಗಿದೆಯಲ್ಲೋ.”

“ನಗ್ಬೇಡ ಕಣೋ.”

“ನಗ್ದೆ ಏನ್ ಅಳ್ಲಾ? ಕೇಳಿಲ್ಲಿ. ಬಲಗಾಲು ಮನೇಲೇ ಬಿಟ್ಬಂದೆ ಅನ್ಕೋ. ಚೆಂಡು ಎಡಗಾಲಿಗೇ ಹಾಕ್ತೀನಿ. ನೀನ್ ಸುಮ್ನೆ ನಿಂತ್ಕೋ, ಕಂಬ ನಿಂತಂಗೆ.”

“ಮೇಷ್ಟ್ರು ನೋಡಿದ್ರೆ?”

“ಮೇಷ್ಟ್ರು ಗೋಲ್ ನೋಡ್ತಾರೆ, ನಿನ್ ಹರಡು ನೋಡ್ತಾರಾ?”

ಇನ್ನು ಬಾವಿಯ ವಿಷಯ. ಉರಿಗೆ ತಣ್ಣೀರು ಬಿಟ್ಟರೆ ಬೇರೆ ಸಮಾಧಾನವಿರಲಿಲ್ಲ. ನೀರು ಬಿದ್ದ ಕೂಡಲೇ ಹುಳುವೂ ಒಂದಿಷ್ಟು ಹೊರಕ್ಕೆ ಬರುತ್ತಿತ್ತು. ನನ್ನ ತಲೆಯಲ್ಲಿ ಎರಡು ಚಿತ್ರಗಳಿವೆ. ಒಂದರಲ್ಲಿ ನಾನು ಹಿತ್ತಿಲ ಕಲ್ಲಿನ ಮೇಲೆ ಕೂತಿದ್ದೇನೆ, ಅತ್ತೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದಾರೆ, ನೀರು ಕರಿಬೇವಿನ ಗಿಡದ ಬುಡಕ್ಕೆ ಹರಿದು ಹೋಗುತ್ತಿದೆ. ಇನ್ನೊಂದರಲ್ಲಿ ಮೆಟ್ಟಿಲು ಬಾವಿಯ ಹಸಿರು ನೀರಿನಲ್ಲಿ ನನ್ನ ಕಾಲು ಮೊಣಕಾಲವರೆಗೆ ಮುಳುಗಿದೆ, ಗಾಯದಿಂದ ಹಾಲಿನಂಥದೊಂದು ಹೊಗೆ ನೀರಿಗೆ ಬಿಚ್ಚಿಕೊಳ್ಳುತ್ತಿದೆ.

ಆ ಹಾಲಿನಂಥ ಹೊಗೆಯೇ ನನಗೆ ಅನುಮಾನ. ಅದನ್ನು ನಾನು ಕಣ್ಣಾರೆ ಕಂಡೆನೋ, ಅಥವಾ ಮುಂದೆ ಕಾಲೇಜಿನಲ್ಲಿ ಕೇಳಿದ ಪಾಠವನ್ನು ತಂದು ಹಳೆಯ ಚಿತ್ರಕ್ಕೆ ಹಚ್ಚಿದೆನೋ? ಹಚ್ಚಿದ್ದೇ ಆದರೆ ಇಡೀ ಚಿತ್ರವೇ ಪಾಠದಿಂದ ಹುಟ್ಟಿರಬಹುದು. ಹಾಗೆ ನಂಬಿಬಿಡುವುದು ಸುಲಭ. ಸುಲಭವಾಗಿರುವುದರಿಂದಲೇ ನಂಬಲು ಆಗುತ್ತಿಲ್ಲ.

ಪಂದ್ಯದ ದಿನ ಅತ್ತೆ ಕಡ್ಡಿಯನ್ನು ಚರ್ಮಕ್ಕೆ ಒತ್ತಿಟ್ಟು, ಮೇಲೆ ಹರಳೆಲೆ, ಅದರ ಮೇಲೆ ಮೆತ್ತನೆಯ ಹಳೆಯ ಸೀರೆಯ ಪಟ್ಟಿ ಸುತ್ತಿದರು. “ಅರ್ಧದಲ್ಲೇ ಎದ್ ಬಂದ್ಬಿಡು, ಯಾರೂ ಏನೂ ಅನ್ನಲ್ಲ” ಎಂದರು. ನಾನು ಹೂಂ ಎಂದೆ. ಎದ್ದು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸೋಲ್ಜರ್‌ಗಳು ಲಾರಿಯಿಂದ ಇಳಿದಾಗ ನಾನು ಅವರ ಮುಖ ನೋಡಲಿಲ್ಲ, ಬೂಟು ನೋಡಿದೆ. ತಳಕ್ಕೆ ಚರ್ಮದ ಗುಬುಟು ಹೊಡೆದ ಬೂಟುಗಳು. ಅದರಲ್ಲೊಂದು ನನ್ನ ಹರಡಿಗೆ ತಾಗಿದರೂ ಸಾಕು. ಒಂದೂವರೆ ಗಂಟೆ ನಾನು ಆಡಿದ್ದು ಫುಟ್‌ಬಾಲಲ್ಲ. ಅವರ ಬೂಟುಗಳಿಂದ ನನ್ನ ಬಲಗಾಲನ್ನು ಕಾಯುವ ಕೆಲಸ ಮಾಡಿದೆ. ಚೆಂಡು ಬಲಕ್ಕೆ ಬಂದರೆ ಬಿಟ್ಟುಬಿಡುತ್ತಿದ್ದೆ. ದಂಡೆಯ ಮೇಲಿಂದ ನಮ್ಮವರೇ ಬೈಯುತ್ತಿದ್ದರು: “ಏ ಸೆಂಟರು, ನಿದ್ದೆ ಬಂತೇನ್ಲಾ? ಚಾಪೆ ತರ್ಲಾ?”

ರೈಟ್ ಔಟ್ ಹೇಳಿದಂತೆಯೇ ಮಾಡಿದ. ಅವನಿಗೆ ನನ್ನ ಎಡಗಾಲು ದೂರ, ಆದರೂ ಪ್ರತಿ ಸಲ ನನ್ನ ಮುಂದೆ ದಾಟಿಸಿ ಎಡಕ್ಕೇ ಹಾಕುತ್ತಿದ್ದ. ಒಂದು ಸಲ ಚೆಂಡು ಬಂತು, ನಾನು ಒದ್ದೆ, ಅದು ಅವರ ಗೋಲ್‌ಕೀಪರನ ಪಕ್ಕದಿಂದ ನುಗ್ಗಿತು. ನೆನಪಿನಲ್ಲಿ ಅದು ಬಲಗಾಲು. ರೈಟ್ ಔಟ್ ಯಾವಾಗಲೂ ಎಡಗಾಲು ಎಂದೇ ಹೇಳಿದ. ನಮ್ಮ ತಂಡದ ಗೋಲ್‌ಕೀಪರ್, ಚೆಂಡು ನನ್ನ ಮೊಣಕಾಲಿಗೆ ಬಡಿದು ತಾನಾಗಿ ಹೋಯಿತು ಎನ್ನುತ್ತಿದ್ದ. ಮೇಷ್ಟ್ರು ಮಾತ್ರ ಏನನ್ನೂ ಕೇಳದೆ ಬೆನ್ನು ತಟ್ಟಿ, “ಜೂನ್‌ನಲ್ಲಿ ಬಾ” ಎಂದರು.

ಮನೆಗೆ ಬಂದು ಪಟ್ಟಿ ಬಿಚ್ಚಿಸಿಕೊಂಡದ್ದನ್ನು ಮರೆಯಲಾರೆ. ಬಟ್ಟೆಯ ಮೇಲೆ ರಕ್ತ ಇತ್ತು. ಅತ್ತೆ ಒಂದೊಂದೇ ಸುತ್ತು ಬಿಚ್ಚುತ್ತಾ ಬಂದರು. ಹರಳೆಲೆ ಅರೆದು ಹೋಗಿತ್ತು. ಕಡ್ಡಿ ನಡುವೆ ಮುರಿದಿತ್ತು. ನಾನು ಗೋಡೆಯ ಕಡೆ ತಿರುಗಿಕೊಂಡೆ. ಅತ್ತೆ ಕಡ್ಡಿಯ ತುಂಡುಗಳನ್ನು ಬೆರಳ ತುದಿಯಿಂದ ಸರಿಸಿ ನೋಡಿದರು. ಆಮೇಲೆ “ಅದೆ ಕಣೋ, ಎಳೆ ಅದೆ” ಎಂದರು. ಅಪ್ಪ ಮಗ್ಗದ ಕುಣಿಯಿಂದ ಎದ್ದು ಹೊರಗೆ ಹೋದರು. ಅವರು ಅಳುತ್ತಿದ್ದರೆಂದು ಆಗ ನನಗನ್ನಿಸಿತು.

ಅದಾದ ಹತ್ತು ದಿನಕ್ಕೆ ಹುಳು ಪೂರ್ತಿ ಬಂತು. ಅತ್ತೆ ಅದನ್ನು ಇಕ್ಕಳದಲ್ಲಿ ಹಿಡಿದು ಒಲೆಗೆ ಹಾಕಿದರು. ಜೂನ್‌ನಲ್ಲಿ ನಾನು ಬೆಂಗಳೂರಿಗೆ ಹೋದೆ. ಸ್ಟೇಷನ್ನಿಗೆ ಬಂದಿದ್ದ ರೈಟ್ ಔಟ್ ರೈಲು ಹೊರಟಾಗ ನನ್ನ ಕಿಟಕಿಯ ಪಕ್ಕದಲ್ಲಿ ಪ್ಲಾಟ್‌ಫಾರಮ್ಮಿನ ಕೊನೆಯವರೆಗೂ ಓಡಿಬಂದ. ಅವನ ಓಟಕ್ಕೆ ರೈಲು ಇನ್ನೂ ಸಾಟಿಯಾಗಿರಲಿಲ್ಲ.

ಕಾಲೇಜಿನಲ್ಲಿ ನನ್ನ ಆಟ ಚೆನ್ನಾಗಿ ನಡೆಯಿತು. ಪಾಠದಲ್ಲೂ ಹಿಂದೆ ಬೀಳಲಿಲ್ಲ. ಸಂಕ್ರಾಂತಿ ಕಳೆದು ಕೆಲವು ದಿನಗಳಿಗೆ ಪ್ರಾಣಿಶಾಸ್ತ್ರದ ಅಧ್ಯಾಪಕರು ಒಂದು ಗಾಜಿನ ಜಾಡಿ ತಂದು ಮೇಜಿನ ಮೇಲಿಟ್ಟರು. ದ್ರವದಲ್ಲಿ ಸುರುಳಿ ಸುತ್ತಿಕೊಂಡ ಬಿಳಿಯ ಎಳೆ. ನನ್ನ ಬಲಗಾಲು ತಾನಾಗಿಯೇ ಬೆಂಚಿನ ಕೆಳಕ್ಕೆ ಹಿಂದೆ ಸರಿಯಿತು.

ಅವರು ಕಪ್ಪು ಹಲಗೆಯ ಮೇಲೆ ಒಂದು ವೃತ್ತ ಬರೆದರು. ಹುಳು ಕಾಲಿನಿಂದ ಹೊರಬರುವುದು ಮರಿಗಳನ್ನು ಬಿಡಲಿಕ್ಕೆ. ತಣ್ಣೀರು ಸೋಕಿದರೆ ಲಕ್ಷಗಟ್ಟಲೆ ಮರಿಗಳನ್ನು ಹಾಲಿನಂತೆ ನೀರಿಗೆ ಚೆಲ್ಲುತ್ತದೆ. ನೀರಿನಲ್ಲಿರುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಪ್ರಾಣಿಗಳು ಅವನ್ನು ನುಂಗುತ್ತವೆ. ಆ ನೀರು ಕುಡಿದವರ ಹೊಟ್ಟೆಗೆ ಅವು ಸೇರುತ್ತವೆ. ಹೆಚ್ಚುಕಡಿಮೆ ಒಂದು ವರ್ಷಕ್ಕೆ ಕುಡಿದವರ ಕಾಲಿನಲ್ಲಿ ಗುಳ್ಳೆ.

“ನೀರು ತುಳಿದರೆ ಬರುವುದಿಲ್ಲವೇ ಸಾರ್?” ಎಂದು ಕೇಳಿದೆ.

“ತುಳಿದರೆ ಬರುವುದಿಲ್ಲ. ರೋಗಿ ತುಳಿದ ನೀರನ್ನು ಇನ್ನೊಬ್ಬ ಕುಡಿದರೆ ಬರುತ್ತದೆ.”

ನಮ್ಮೂರಿನಲ್ಲಿ ಎಲ್ಲರೂ ಅದನ್ನು ತಿರುಗುಮುರುಗು ತಿಳಿದಿದ್ದೆವು. ಕೆಟ್ಟ ನೀರು ತುಳಿದರೆ ಹುಳು ಪಾದದಿಂದ ಒಳಗೆ ಹೋಗುತ್ತದೆ ಎಂದು ನಂಬಿ, ಕುಡಿಯುವ ನೀರಿಗೆ ಯಾರೂ ಹೆದರುತ್ತಿರಲಿಲ್ಲ. ನನ್ನಂತೆಯೇ ನನಗಿಂತ ಮೊದಲು ಯಾರೋ ಉರಿ ತಾಳಲಾರದೆ ಆ ಬಾವಿಯಲ್ಲಿ ಕೂತಿರಬೇಕು. ಅವರು ಬಿಟ್ಟದ್ದನ್ನು ನಾನು ಕುಡಿದೆ. ನಾನು ಬಿಟ್ಟಿದ್ದರೆ ಅದನ್ನು ಕುಡಿದವರು ಯಾರು? ಆ ಬೇಸಿಗೆಯೆಲ್ಲ ನಮ್ಮ ತಂಡ ಅಲ್ಲೇ ನೀರು ಕುಡಿದಿತ್ತು. ಎಲ್ಲರಿಗಿಂತ ಹೆಚ್ಚು ಓಡುವವನಿಗೆ ಎಲ್ಲರಿಗಿಂತ ಹೆಚ್ಚು ಬಾಯಾರಿಕೆ.

ಜನವರಿಯಿಂದ ಏಪ್ರಿಲ್‌ವರೆಗೆ ನಾನು ತಿಂಗಳುಗಳನ್ನು ಎಣಿಸಿದೆ. ಊರಿಗೆ ಒಂದು ಕಾರ್ಡು ಬರೆದು ‘ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ’ ಎಂದು ತಿಳಿಸಬಹುದಿತ್ತು. ಬರೆಯಲಿಲ್ಲ. ಯಾಕೆ ಎಂದು ಅವರು ಕೇಳಿದರೆ ಏನು ಹೇಳುವುದು? ಇನ್ನು ಬರೆದರೂ ಹೋದ ವರ್ಷ ಕುಡಿದದ್ದನ್ನು ಹೊರತೆಗೆಯಲು ಆಗುವುದಿಲ್ಲ ಎಂದು ನನಗೆ ನಾನೇ ತರ್ಕ ಹೇಳಿಕೊಂಡೆ. ತರ್ಕ ಸರಿಯಾಗಿಯೇ ಇತ್ತು.

ಬೇಸಿಗೆ ರಜೆಗೆ ಊರಿಗೆ ಹೋದಾಗ ರೈಟ್ ಔಟ್ ಸ್ಟೇಷನ್ನಿಗೆ ಬಂದಿದ್ದ. ನಾನು ಮೊದಲು ನೋಡಿದ್ದು ಅವನ ಕಾಲುಗಳನ್ನು. ಎರಡೂ ಚೆನ್ನಾಗಿದ್ದವು.

“ಏನ್ ಗುರು, ಕಾಲೇಜ್ ಸೇರಿದ್ಮೇಲೆ ಮುಖ ನೋಡಿ ಮಾತಾಡೋದ್ ಬಿಟ್ಬಿಟ್ರಾ?” ಎಂದ.

ಒಂದು ವಾರ ನಾವು ಕೆರೆಯಂಗಳದಲ್ಲಿ ಆಡಿದೆವು. ಅವನು ಹಿಂದಿಗಿಂತ ಜೋರಾಗಿ ಓಡುತ್ತಿದ್ದ. ನನ್ನ ಎದೆ ಸ್ವಲ್ಪ ಹಗುರಾಯಿತು. ಎಂಟನೆಯ ದಿನ ಅವನು ಆಟಕ್ಕೆ ಬರಲಿಲ್ಲ. ಮೈ ತುರಿಕೆ ಎಂದು ಅವನ ತಾಯಿ ಹೇಳಿದರು. ಮೂರು ದಿನ ನಾನು ಅವನ ಮನೆಯ ಕಡೆ ಹೋಗಲಿಲ್ಲ.

ನಾಲ್ಕನೆಯ ದಿನ ಸಂಜೆ ಅವನು ಬಲಗಾಲನ್ನು ಎತ್ತಿ ಎತ್ತಿ ಇಡುತ್ತಾ ದೊಡ್ಡಬೆಳವಂಗಲದ ದಾರಿಯಲ್ಲಿ ಹೋಗುವುದು ಕಂಡಿತು. ಎಲ್ಲಿಗೆಂದು ಕೇಳಬೇಕಾಗಿರಲಿಲ್ಲ. ನಾನು ಓಡಿದೆ. ಅವನು ಬಾವಿಯ ಎರಡನೆಯ ಮೆಟ್ಟಿಲಲ್ಲಿದ್ದಾಗ ಹಿಂದಿನಿಂದ ಅಂಗಿ ಹಿಡಿದು ಎಳೆದೆ.

“ಬಿಡೋ ಲೇ, ಉರೀತದೆ!”

“ನೀರಿಗ್ ಇಡ್ಬೇಡ ಕಣೋ.”

“ಯಾಕೆ? ನೀನ್ ಇಟ್ಟಿರ್ಲಿಲ್ವಾ?”

ಅವನು ಅದನ್ನು ದೂರಿ ಹೇಳಲಿಲ್ಲ. ನೀನೂ ಊಟ ಮಾಡಿದ್ದೆಯಲ್ಲ ಎಂಬಂತೆ ಹೇಳಿದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಜಾಡಿ, ಹಲಗೆ, ವೃತ್ತ ಎಲ್ಲ ಹೇಳಿದೆ. ಅವನು ಉರಿಯುವ ಕಾಲನ್ನು ಎರಡು ಕೈಯಲ್ಲೂ ಹಿಡಿದು ಕೇಳಿದ. ಮಗ್ಗದ ಮನೆಯವನು, ಲೆಕ್ಕ ತಪ್ಪುವವನಲ್ಲ. ಬೆರಳಿನ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದ.

“ಹೋದ್ವರ್ಷ ನಿಂದು ವೈಶಾಖದಲ್ಲಿ.”

“ಹೂಂ.”

“ಇದೂ ವೈಶಾಖ.”

“ನಾನ್ ಇಲ್ಲಿ ಕಾಲಿಟ್ಟಿದ್ನೋ ಇಲ್ವೋ ನಂಗ್ ಸರ್ಯಾಗ್ ನೆನಪಿಲ್ಲ ಕಣೋ” ಎಂದೆ.

“ಬೆಂಗಳೂರಿಗ್ ಹೋಗಿ ಮರ್ಯೋದ್ನ ಕಲ್ತ್ಯಾ? ನೀನ್ ಇಟ್ಟಿದ್ದೆ. ನಾನೇ ಹೆಗಲ್ ಕೊಟ್ಟು ಇಳ್ಸಿದ್ದು. ಮ್ಯಾಚ್‌ಗೆ ಮೂರ್ ದಿನ ಇತ್ತು, ನೀನು ಆಡಲ್ಲ ಅಂತ ಅಳ್ತಿದ್ದೆ.”

ನನ್ನ ಚಿತ್ರದಲ್ಲಿ ಅವನು ಇಲ್ಲವೇ ಇಲ್ಲ. ನಾನು ಒಬ್ಬನೇ ಕೂತಿದ್ದೇನೆ. ಅವನು ಕಂಡದ್ದು ನಿಜವೋ, ನನ್ನ ಹೊರೆಯಲ್ಲಿ ಅರ್ಧ ತಾನು ಹೊರಲು ಅಲ್ಲೇ ಕೂತು ಕಟ್ಟಿದ ಮಾತೋ, ನನಗೆ ಇಂದಿಗೂ ತಿಳಿಯದು. ಅಂಥ ಸುಳ್ಳು ಹೇಳುವ ಜಾಯಮಾನ ಅವನದು.

“ಹಂಗಾದ್ರೆ ನನ್ ಮನೆಯಿಂದ ಕೊಡ ತಾ,” ಎಂದ. “ನೀರ್ ಮೇಲಕ್ ಹೊತ್ಕೊಂಡ್ ಬಂದು ಹೊಲದಲ್ಲಿ ನನ್ ಕಾಲ್ಗೆ ಸುರಿ. ಏನ್ ನೋಡ್ತೀಯಾ ಸೆಂಟರು? ಓಡು!”

ದಿನಕ್ಕೆ ಹತ್ತು ಹದಿನೈದು ಕೊಡ ಹೊತ್ತೆ. ಬಾವಿಯಿಂದ ದೂರ, ನೀರು ವಾಪಸು ಇಳಿಯದ ಕಡೆ ಅವನನ್ನು ಕೂರಿಸಿ ಹೊಯ್ಯುತ್ತಿದ್ದೆ. ದಾರಿಹೋಕರು ನಗುತ್ತಿದ್ದರು. ಬೆಳಿಗ್ಗೆ ಅತ್ತೆ ಅವನ ಮನೆಗೇ ಹೋಗಿ ಕಡ್ಡಿ ತಿರುಗಿಸುತ್ತಿದ್ದರು. ಅವನದು ನನ್ನದರಂತೆ ನೇರ ಬರಲಿಲ್ಲ. ಹರಡನ್ನು ಬಳಸಿಕೊಂಡು ಒಳಗೇ ತಿರುಗಿತ್ತು. ಅತ್ತೆ ದಿನಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಮಾಡುತ್ತಿರಲಿಲ್ಲ.

ಹನ್ನೆರಡನೆಯ ಬೆಳಿಗ್ಗೆ ಅದು ಹರಿಯಿತು. ಸದ್ದೇನೂ ಬರಲಿಲ್ಲ. ಅತ್ತೆಯ ಕೈಯಲ್ಲಿ ಕಡ್ಡಿ ಇದ್ದಕ್ಕಿದ್ದಂತೆ ಹಗುರಾಗಿ ಪೂರ್ತಿ ಸುತ್ತು ತಿರುಗಿತು, ಅಷ್ಟೇ. ಗಾಯದ ಬಾಯಿಯಲ್ಲಿ ತುದಿ ಒಂದು ಕ್ಷಣ ಕಂಡು ಒಳಗೆ ಹೋಯಿತು. ರೈಟ್ ಔಟ್ ಅತ್ತೆಯ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಅತ್ತೆ “ಜಗ್ಗ್ಲಿಲ್ಲ ಕಣಪ್ಪಾ, ನಾನು ಜಗ್ಗ್ಲಿಲ್ಲ” ಎಂದು ಮತ್ತೆ ಮತ್ತೆ ಹೇಳುತ್ತಲೇ ಇದ್ದರು. ಸಂಜೆಯ ಹೊತ್ತಿಗೆ ಕಾಲು ತೊಡೆಯವರೆಗೆ ಊದಿತು.

ಜೂನ್ ಬಂತು. ಅವನು ಜ್ವರದಲ್ಲಿ ಮಲಗಿದ್ದಾಗಲೇ ನಾನು ರೈಲು ಹತ್ತಿದೆ. ಉಳಿಯಬಹುದಿತ್ತು, ಆದರೆ ಹೋದೆ. ಆ ವರ್ಷ ಬಲ ಅಂಚಿನಿಂದ ಚೆಂಡು ಬಂದಾಗಲೆಲ್ಲ ನಾನು ಒಂದು ಹೆಜ್ಜೆ ತಡವಾಗುತ್ತಿದ್ದೆ. ಜನ ಆಟ ಕೆಟ್ಟಿತು ಎಂದರು. ಮುಂದೆ ಸರಿಹೋಯಿತು. ವಿಶ್ವವಿದ್ಯಾನಿಲಯಕ್ಕೆ ಆಡಿದೆ, ಆಮೇಲೆ ಒಂದು ಗಿರಣಿಯ ತಂಡಕ್ಕೆ ಹಲವು ವರ್ಷ ಆಡಿದೆ. ಬರಿಗಾಲಿನ ಆಟ ಮುಗಿದು ಬೂಟು ಬಂದಾಗ ಹಳೆಯ ಆಟಗಾರರೆಲ್ಲ ಗೊಣಗಿದರು. ನನಗೆ ಮಾತ್ರ ಸಮಾಧಾನವಾಯಿತು, ಹರಡಿನ ಕಲೆ ಯಾರಿಗೂ ಕಾಣದು.

ದಸರೆಗೆ ಊರಿಗೆ ಹೋದಾಗ ರೈಟ್ ಔಟ್ ಎದ್ದು ಓಡಾಡುತ್ತಿದ್ದ. ಬಲ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಮೊಣಕಾಲು ಮುಕ್ಕಾಲು ಪಾಲು ಮಾತ್ರ ನೆಟ್ಟಗಾಗುತ್ತಿತ್ತು. ಮಗ್ಗದ ತುಳಿಮಣೆಯನ್ನು ಎಡಗಾಲಿನಿಂದಲೇ ತುಳಿಯುವುದನ್ನು ಕಲಿತಿದ್ದ. ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದರೆ ಸುಲಭವಾಗುತ್ತಿತ್ತು.

ಆದರೆ ಅವನು ಬಾವಿಯನ್ನು ಬಿಡಲಿಲ್ಲ. ಸಂಜೆ ಮಗ್ಗ ನಿಲ್ಲಿಸಿ, ಒತ್ತಾಗಿ ನೇಯ್ದ ಎರಡು ಮೊಳ ಬಟ್ಟೆ ಹಿಡಿದು ಬಾವಿಯ ತಲೆಮೆಟ್ಟಿಲಲ್ಲಿ ಕೂರುತ್ತಿದ್ದ. ಕುಡಿಯುವವರಿಗೆಲ್ಲ ಸೋಸಿ ಕೊಡುತ್ತಿದ್ದ, ಕಾಲಿಗೆ ಬಟ್ಟೆ ಕಟ್ಟಿದವರನ್ನು ಇಳಿಯಲು ಬಿಡುತ್ತಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ಯಾರೋ ಗಾಡಿಯೋನು ನಾರುಹುಣ್ಣಿನ ಕಾಲಿಟ್ಟು ನೀರ್ ಕೆಡ್ಸಿದ್ದ, ಅದಕ್ಕೇ ನಂಗಿಂಗಾಯ್ತು” ಎನ್ನುತ್ತಿದ್ದ. ರಜೆಯಲ್ಲಿ ನಾನೂ ಅವನ ಪಕ್ಕ ಕೂರುತ್ತಿದ್ದೆ. ಅವನು ಹಾಗೆ ಹೇಳುವಾಗ ನಾನು ಬಾವಿಯ ನೀರು ನೋಡುತ್ತಾ ಸುಮ್ಮನಿರುತ್ತಿದ್ದೆ. ಎಷ್ಟು ಸಲವೋ.

ಮುಂದಿನ ವೈಶಾಖದಲ್ಲಿ ನಾವಿಬ್ಬರೂ ಬೆಳಿಗ್ಗೆಯಿಂದಲೇ ಅಲ್ಲಿರುತ್ತಿದ್ದೆವು. ಅವನ ಕಾಲು ನೀರಿಗೆ ಹೋಗಿರಲಿಲ್ಲ. ಬೇರೆಯವರದು ಹೋಗಿತ್ತೋ ಏನೋ, ಯಾರಿಗೆ ಗೊತ್ತು? ಬಂದವರ ಮುಖಗಳು ನನಗೆ ನೆನಪಿಲ್ಲ. ಹರಡುಗಳು ನೆನಪಿವೆ. ಕಾಲ್ಗಡಗ ತೊಟ್ಟವು, ಕೆಸರು ಮೆತ್ತಿದವು, ಚರ್ಮ ಒಡೆದವು.

ಒಂದು ದಿನ ರಾಗಿಹುಲ್ಲಿನ ಗಾಡಿ ನಿಂತಿತು. ನಲವತ್ತರ ಆಸುಪಾಸಿನ ಗಾಡಿಯವನು ಇಳಿದು ಬಂದ. ಎಡಗಾಲಿನ ಹರಡಿನ ಮೇಲೆ ಚಿಂದಿ ಕಟ್ಟಿತ್ತು. ನಾವಿಬ್ಬರೂ ಎದ್ದು ನಿಂತೆವು.

“ಅಣ್ಣಾ, ಇಳೀಬ್ಯಾಡ. ನೀರು ಇಲ್ಲಿಗೇ ತಂದ್ಕೊಡ್ತೀವಿ,” ಎಂದ ರೈಟ್ ಔಟ್.

“ಯಾಕಪ್ಪ, ಬಾವಿ ನಿಮ್ಮಪ್ಪಂದಾ?”

“ಕಾಲಿಗೇನಾಗದೆ?”

“ಏನೋ ಆಗದೆ. ನಿಂಗೇನು? ತಣ್ಣೀರಿಗಿಟ್ರೆ ಉರಿ ಇಳೀತದೆ.”

“ಇಡ್ಬ್ಯಾಡಣ್ಣ. ಹಿಂದೆ ಒಬ್ಬ ಗಾಡಿಯೋನು ಇಂಗೇ ಇಟ್ಟು...”

ಗಾಡಿಯವನಿಗೆ ರೇಗಿತು. “ಊರೋರೆಲ್ಲ ಅದೇ ಹೇಳ್ತವ್ರೆ! ಗಾಡಿಯೋರು, ಗಾಡಿಯೋರು. ಯಾವ್ ಗಾಡಿಯೋನಯ್ಯಾ? ಯಾವೂರೋನು? ಹೇಳು ನೋಡಾಣ! ಇಲ್ದಿದ್ರೆ ದಾರಿ ಬಿಡು.”

ರೈಟ್ ಔಟ್‌ಗೆ ಮಾತು ಸಿಗದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವನು ನನ್ನ ಕಡೆ ತಿರುಗಲಿಲ್ಲ. ತಿರುಗಬಾರದೆಂದು ಕಷ್ಟಪಡುತ್ತಿದ್ದುದು ಅವನ ಕತ್ತಿನಲ್ಲಿ ಕಾಣುತ್ತಿತ್ತು. ಗಾಡಿಯವನು ಅವನನ್ನು ಪಕ್ಕಕ್ಕೆ ಸರಿಸಿ ಮೊದಲ ಮೆಟ್ಟಿಲಿಗೆ ಕಾಲಿಟ್ಟ.

“ಗಾಡಿಯವರಲ್ಲ. ನಾನು,” ಎಂದೆ.

ಇದೊಂದನ್ನು ನಾನು ಅನುಮಾನಿಸುವುದಿಲ್ಲ. ಮೂರು ದಿನದಲ್ಲಿ ಅದು ಊರೆಲ್ಲ ಹರಡಿತು, ಅಪ್ಪ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಹಾಗಾಗಿ ಅದನ್ನು ನಾನು ಗಟ್ಟಿಯಾಗಿಯೇ ಹೇಳಿರಬೇಕು.

“ಏನ್ ನೀನು?”

“ನಂಗೂ ನಾರುಹುಣ್ಣಾಗಿತ್ತು. ಎರಡು ವರ್ಷದ ಹಿಂದೆ ಈ ನೀರಲ್ಲಿ ಕಾಲಿಟ್ಟೆ. ಇವನು ಈ ನೀರು ಕುಡಿದ.”

ಇಟ್ಟಿರಬಹುದು ಎನ್ನಲಿಲ್ಲ, ಇಟ್ಟೆ ಎಂದೆ. ಅನುಮಾನವನ್ನೆಲ್ಲ ವಿವರಿಸುತ್ತಾ ನಿಂತರೆ ಅವನು ಅಷ್ಟರಲ್ಲಿ ಇಳಿದುಬಿಡುತ್ತಿದ್ದ.

ಗಾಡಿಯವನು ನನ್ನ ಮುಖವನ್ನೂ ನೇರ ನಿಂತ ನನ್ನ ಎರಡು ಕಾಲುಗಳನ್ನೂ ನೋಡಿದ. ನಂಬಿದಂತೆ ಕಾಣಲಿಲ್ಲ. ಆಗ ರೈಟ್ ಔಟ್ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ, ಬಲಗಾಲನ್ನು ನೆಲಕ್ಕೆ ಊರಲು ನೋಡಿದ. ಹಿಮ್ಮಡಿ ಮೂರು ಬೆರಳು ಮೇಲೆಯೇ ನಿಂತಿತು.

ಗಾಡಿಯವನು ಬಹಳ ಹೊತ್ತು ಆ ಹಿಮ್ಮಡಿಯನ್ನೇ ನೋಡಿದ. ಅವನ ಕೈ ತನ್ನ ಚಿಂದಿಯ ಗಂಟಿನ ಮೇಲೆ ಹೋಯಿತು, ಬಿಚ್ಚಲಿಲ್ಲ. ಆಮೇಲೆ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ನಿಧಾನವಾಗಿ, ಬಿಸಿ ಬೂದಿಯಿಂದ ತೆಗೆಯುವ ಹಾಗೆ, ಹಿಂದಕ್ಕೆ ತೆಗೆದುಕೊಂಡ.